ಸುರುಳಿ ಕಡ್ಡಿಯ ಮಾರೇಶ

2023ರ ಜುಲೈ 10, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕೂಡ್ಲಿಗಿ ಬಸ್ ನಿಲ್ದಾಣದ ಹಿಂದಿನ ರಸ್ತೆಯ ತನ್ನ ಅಂಗಡಿಯಲ್ಲಿ ಮಾರೇಶ ಉಕ್ಕಿನ ತಂತಿಯನ್ನು ಒಂದು ಸಲಾಕೆಗೆ ಸುತ್ತುತ್ತ ಕುಳಿತಿದ್ದ. ಎಡಗೈಯಲ್ಲಿ ತಂತಿ, ಬಲಗೈಯಲ್ಲಿ ಹಿಡಿಕೆ, ಬಾಯಲ್ಲಿ ಎಣಿಕೆ. ಅರವತ್ತನಾಲ್ಕನೆಯ ಸುತ್ತಿಗೆ ಬಂದಾಗ ಬಾಗಿಲಲ್ಲಿ ನೆರಳು ಬಿತ್ತು. ಎಣಿಕೆ ತಪ್ಪೀತೆಂದು ಅವನು ತಲೆ ಎತ್ತಲಿಲ್ಲ. ನೂರು ಮುಗಿಸಿ ನೋಡಿದರೆ ಅವನ ಅಕ್ಕ ಹಂಪಕ್ಕ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು.

“ಕುಂದ್ರಕ್ಕ,” ಎಂದು ಸ್ಟೂಲು ಸರಿಸಿದ.

“ಕುಂತ್ರ ಏಳಾಕ ಆಗವಲ್ದು. ನಿಂತೇ ಹೇಳ್ತೀನಿ.”

ಅವಳ ಕೈಯಲ್ಲಿ ಆಸ್ಪತ್ರೆಯ ದೊಡ್ಡ ಲಕೋಟೆ ಇತ್ತು. ಸೊಂಟದ ನಾಲ್ಕನೆಯ ಮತ್ತು ಐದನೆಯ ಎಲುಬಿನ ನಡುವಿನ ಮೆತ್ತೆ ಹೊರಗೆ ಉಬ್ಬಿ ಕಾಲಿನ ನರವನ್ನು ಒತ್ತುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಆರು ವಾರ ಬೆಲ್ಟು ಕಟ್ಟಿಕೊಳ್ಳಬೇಕು. ಕೆಲಸ ಮಾಡುವಾಗಲಂತೂ ಬಿಚ್ಚಲೇಬಾರದು. ಅಷ್ಟಕ್ಕೂ ಬಗ್ಗದಿದ್ದರೆ ಆಪರೇಷನ್. ಆಪರೇಷನ್ ಆದರೆ ಮುಂದೆ ನೆಲದ ಮೇಲೆ ಕೂರುವುದನ್ನು ಮರೆಯಬೇಕು.

ಹಂಪಕ್ಕ ರೊಟ್ಟಿ ತಟ್ಟುವವಳು. ನಸುಕಿನ ಐದಕ್ಕೆ ಒಲೆ ಮುಂದೆ ಕುಳಿತರೆ ಒಂಬತ್ತೂವರೆ ಹೊತ್ತಿಗೆ ನೂರಾ ಎಂಬತ್ತು ರೊಟ್ಟಿ. ಊರಿನ ಎರಡು ಖಾನಾವಳಿಯಲ್ಲಿ ಉಣ್ಣುವವರು “ಹಂಪಕ್ಕನ ರೊಟ್ಟಿ ಐತೇನ್ರಿ?” ಎಂದು ಕೇಳಿಯೇ ಎಲೆ ಮುಂದೆ ಕೂರುತ್ತಿದ್ದರು. ನೆಲದ ಮೇಲೆ ಕೂರಲಾಗದ ಹಂಪಕ್ಕನನ್ನು ಅವಳೇ ಊಹಿಸಿಕೊಳ್ಳಲಾರದೆ ಹೋಗಿದ್ದಳು.

“ಪ್ಯಾಟಿಯಾಗ ತಂದ ಬೆಲ್ಟು ತಗಡಿನ ಪಟ್ಟಿ ಹಾಕಿದ್ದು. ಅದನ್ನ ಕಟ್ಟಿಗಂಡ್ರ ಕಂಬಕ್ಕ ಕಟ್ಟಿಹಾಕಿದಂಗಾಗತೈತಿ. ನೀನು ಏನೇನೋ ಕಡ್ಡಿ ಮಾಡ್ತಿಯಲ್ಲ, ನನಗೊಂದು ಮಾಡಿಕೊಡು.”

ಮಾರೇಶನಿಗೆ ಆಗ ನಲವತ್ಮೂರು, ಅವಳಿಗೆ ಐವತ್ತೆರಡು. ಚಿಕ್ಕಂದಿನಲ್ಲಿ ಅವನನ್ನು ಹೊತ್ತು ತಿರುಗಿದ್ದು ಅದೇ ಸೊಂಟ. “ಮೂರು ದಿನ ಕೊಡಕ್ಕ,” ಅಂದ.

ಅವಳು ಹೇಳಿದ “ಕಡ್ಡಿ”ಯ ವಿದ್ಯೆ ಅವನಿಗೆ ಬಂದದ್ದು ಹೊರಗಿನಿಂದ. ಇಪ್ಪತ್ತರ ವಯಸ್ಸಿಗೆ ಬೆಂಗಳೂರಿನ ಆಚೆಯ ಒಂದು ಗಾರ್ಮೆಂಟ್ಸ್ ಸೇರಿ, ಹದಿನಾಲ್ಕು ವರ್ಷ ಸ್ಯಾಂಪಲ್ ವಿಭಾಗದಲ್ಲಿದ್ದ. ಹೊರದೇಶದ ಮದುವೆ ಹೆಣ್ಣುಗಳು ತೊಡುವ, ನಡು ಬಿಗಿಯುವ ಉಡುಪು ಅಲ್ಲಿ ತಯಾರಾಗುತ್ತಿತ್ತು. ಬಟ್ಟೆ ಮುದುಡದೆ ಮೈಮೇಲೆ ನಿಲ್ಲಬೇಕಾದರೆ ಒಳಗೆ ಉದ್ದುದ್ದಕ್ಕೆ ಕಡ್ಡಿ ಹೊಲಿಯಬೇಕು. ಚಪ್ಪಟೆ ಉಕ್ಕಿನ ಪಟ್ಟಿ ಹಾಕಿದರೆ ಅದು ಹಿಂದೆ ಮುಂದೆ ಬಾಗುತ್ತದೆ, ಪಕ್ಕಕ್ಕೆ ಬಾಗುವುದಿಲ್ಲ. ತಂತಿಯನ್ನು ಸುರುಳಿಯಾಗಿ ಸುತ್ತಿ, ಆ ಸುರುಳಿಯನ್ನೇ ರೋಲರಿನಲ್ಲಿ ಒತ್ತಿ ಚಪ್ಪಟೆ ಮಾಡಿದರೆ ನಾಲ್ಕೂ ಕಡೆ ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಫ್ಯಾಕ್ಟರಿಯಲ್ಲಿ ಅದನ್ನು ಬೋನ್ ಎನ್ನುತ್ತಿದ್ದರು. ಮಾರೇಶ ಊರಿಗೆ ಮರಳಿ ಅಂಗಡಿ ಹಾಕಿದ ಮೇಲೆ ಅದು ಸುರುಳಿ ಕಡ್ಡಿಯಾಯಿತು. ಕೊಟ್ಟೂರಿನ ಅಕ್ಕಸಾಲಿಗರೊಬ್ಬರು ಕೆಲಸ ನಿಲ್ಲಿಸಿದಾಗ ಅವರಿಂದ ಕೈಯಲ್ಲಿ ತಿರುಗಿಸುವ ಹಳೆಯ ರೋಲರ್ ತಂದುಕೊಂಡಿದ್ದ. ಚಿನ್ನದ ತಗಡು ಎಳೆದಿದ್ದ ಉರುಳೆಗಳ ನಡುವೆ ಈಗ ತಂತಿಯ ಸುರುಳಿ ಹೋಗುತ್ತಿತ್ತು. ಮದುವೆ ರವಿಕೆಗೆ, ಶಾಲೆಯ ಬ್ಯಾಗಿನ ಬೆನ್ನಿಗೆ, ದೊಡ್ಡಾಟದವರ ಭುಜಕೀರ್ತಿಗೆ ಅವನ ಕಡ್ಡಿ ಹೋಗುತ್ತಿತ್ತು. ಸೊಂಟದ ಬೆಲ್ಟಿಗೆ ಇದೇ ಮೊದಲು.

ಆ ಮೂರು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಮುಕ್ಕಾಲು ಮಿಲಿಮೀಟರಿನ ತಂತಿ ತೀರಾ ಮೆತ್ತಗಾಯಿತು. ಒಂದೂಕಾಲಿನದು ತಗಡಿನಷ್ಟೇ ಬಿರುಸಾಯಿತು. ಒಂದು ಮಿಲಿಮೀಟರಿನದಕ್ಕೆ ಬಂದು ನಿಂತ. ಕಡ್ಡಿಯ ಒಂದು ತುದಿಯನ್ನು ಮೇಜಿಗೆ ಬಿಗಿದು, ಇನ್ನೊಂದು ತುದಿಗೆ ಅರ್ಧ ಕಿಲೋ ತೂಕದ ಕಲ್ಲು ತೂಗುಬಿಟ್ಟು, ಎಷ್ಟು ಇಳಿಯುತ್ತದೆಂದು ಅಳೆದು ಬರೆದುಕೊಂಡ. ಒಂದೊಂದನ್ನೂ ಐನೂರು ಸಲ ಬಾಗಿಸಿ ನೋಡಿದ. ತುದಿ ಚುಚ್ಚದಂತೆ ಪ್ಲಾಸ್ಟಿಕ್ ಕೊಳವೆಯ ತುಂಡು ಹಾಕಿ ಬಿಸಿಮಾಡಿ ಕೂರಿಸಿದ. ತಂತಿಯ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಆ ವಾರ ಏನೂ ಉಳಿಯಲಿಲ್ಲ.

ಉದ್ದದ ಅಳತೆ ತೆಗೆದದ್ದು ಅವನ ಹೆಂಡತಿ ಸುಕನ್ಯಾ. ನಮ್ಮ ಕಡೆ ಹೆಣ್ಣುಮಕ್ಕಳ ಮೈಗೆ ದರ್ಜಿ ಟೇಪು ಹಿಡಿಯುವುದು ಕಡಿಮೆ. ಹಳೆಯ ರವಿಕೆ ಕೊಟ್ಟು ಹೋಗುತ್ತಾರೆ, ಅದೇ ಅಳತೆ. ಬೆಲ್ಟಿಗೆ ಹಳೆಯ ರವಿಕೆ ಎಲ್ಲಿಂದ ಬರಬೇಕು? ಹಾಗಾಗಿ ಸುಕನ್ಯಾ ಪರದೆಯ ಹಿಂದೆ ಹಂಪಕ್ಕನನ್ನು ಗೋಡೆಗೆ ನಿಲ್ಲಿಸಿ, “ನೆಟ್ಟಗ ನಿಂದ್ರಕ್ಕ, ಉಸಿರು ಬಿಡು,” ಎಂದು ಪಕ್ಕೆಲುಬಿನ ಕೊನೆಯಿಂದ ಕೆಳಗೆ ತೊಡೆ ಸಂದಿನವರೆಗೆ ದಾರ ಹಿಡಿದು ಗಂಟು ಹಾಕಿದಳು. ಮಾರೇಶ ದಾರವನ್ನು ಉಕ್ಕಿನ ಸ್ಕೇಲಿನ ಮೇಲೆ ಎಳೆದು ಓದಿದ. ನಿಲ್ಲಿಸಿ ಅಳೆಯಬೇಕು ಎಂಬುದರಲ್ಲಿ ಇಬ್ಬರಿಗೂ ಅನುಮಾನ ಬರಲಿಲ್ಲ. ಫ್ಯಾಕ್ಟರಿಯಲ್ಲಿ ಹದಿನಾಲ್ಕು ವರ್ಷ ಅವನು ಬಟ್ಟೆ ತೊಡಿಸಿ ನೋಡಿದ್ದು ಕಬ್ಬಿಣದ ಕಾಲಿನ ಮೇಲೆ ನಿಂತ ಗೊಂಬೆಗೆ. ಗೊಂಬೆ ಕೂರುವುದಿಲ್ಲ.

ಗುರುವಾರ ಮಧ್ಯಾಹ್ನ ಬೆಲ್ಟು ಸಿದ್ಧವಾಯಿತು. ಹಂಪಕ್ಕ ಕಟ್ಟಿಕೊಂಡು ಬಾಗಿಲಿನಿಂದ ಮೆಷಿನ್‌ವರೆಗೆ ನಡೆದಳು, ತಿರುಗಿ ಬಂದಳು.

“ಅಯ್ಯ, ನೆಟ್ಟಗಾದ್ನಲ್ಲೋ. ಮದುವಿಯಾದಾಗ ಹಿಂಗಿದ್ದೆ ನೋಡು.”

ಜೊತೆಗೆ ಬಂದಿದ್ದ ಮೈಲಮ್ಮ ಹಂಪಕ್ಕನ ಓಣಿಯವಳೇ, ಅವಳ ಪಕ್ಕದ ಒಲೆಯಲ್ಲಿ ರೊಟ್ಟಿ ತಟ್ಟುವವಳು. “ನೆಟ್ಟಗೇನೋ ಆದಿ. ಎತ್ತಿಗೆ ನೊಗ ಕಟ್ಟಿದಂಗ ಕಟ್ಯಾನ ನಿನ ತಮ್ಮ. ಇನ್ನ ಹೊಲಕ್ಕ ಹೊಡಕಂಡು ಹೋಗೋದೊಂದು ಬಾಕಿ,” ಎಂದಳು.

“ತಡಿ, ಕುಂತು ನೋಡ್ತೀನಿ,” ಎಂದು ಹಂಪಕ್ಕ ಸೆರಗು ಸರಿಮಾಡಿ ಚಾಪೆಯ ಕಡೆ ಹೊರಟಳು. ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಕೊಟ್ಟೂರಿನಲ್ಲಿ ಆಸ್ಪತ್ರೆ ಸಾಮಾನಿನ ಅಂಗಡಿ ಇಟ್ಟಿರುವ ಬಸವೇಶ್ ಒಳಗೆ ಬಂದರು. ಗಂಡಸರ ಮುಂದೆ ನೆಲಕ್ಕೆ ಕೂತು ಮೊಣಕಾಲೆತ್ತುವುದು ಹೇಗೆ ಎಂದು ಹಂಪಕ್ಕ ಅಲ್ಲೇ ಗೋಡೆಗೆ ಆತು ನಿಂತುಬಿಟ್ಟಳು. ಆ ಒಂದು ಪರೀಕ್ಷೆ ಹಾಗೆ ತಪ್ಪಿತು.

ಬಸವೇಶ್ ಉಳಿದಿದ್ದ ಕಡ್ಡಿಯೊಂದನ್ನು ಎತ್ತಿ ಬಾಗಿಸಿದರು, ತಿರುಚಿದರು, ಬಿಟ್ಟರು. ಅದು ಟಣ್ಣನೆ ನೆಟ್ಟಗಾಯಿತು.

“ಏನಪ್ಪ ಮಾರೇಶ, ಇದನ್ನ ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ದಿ? ನಮಗ ಮುಂಬೈ ಮಾಲು ತಂದು ತಂದು ಸಾಕಾಗೈತಿ. ನಲವತ್ತು ಬೆಲ್ಟು ಮಾಡ್ತಿಯೇನು? ಉದ್ದ ಎಷ್ಟು ಇಡ್ತಿ?”

ಮಾರೇಶ ಎದ್ದು ನಿಂತ. ಅಂಗಡಿಯಲ್ಲಿ ಅಕ್ಕ, ಹೆಂಡತಿ, ಮೈಲಮ್ಮ, ರವಿಕೆ ಒಯ್ಯಲು ಬಂದಿದ್ದ ಇಬ್ಬರು ಟೀಚರುಗಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದ. “ಹನ್ನೊಂದು ಇಂಚು, ಬಸವೇಶಣ್ಣ. ನಮ್ಮ ಕಡಿ ಹೆಣ್ಮಕ್ಕಳಿಗೆ ಹನ್ನೊಂದು ಇಂಚು. ಅಕ್ಕನ್ನ ನೋಡ್ರಿ, ಎಷ್ಟು ಚಲೋ ಕುಂತೈತಿ.”

ಹಂಪಕ್ಕ ನಕ್ಕಳು. ತಮ್ಮ ಅಷ್ಟು ಗಟ್ಟಿ ದನಿಯಲ್ಲಿ ಮಾತಾಡಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

ಹೊರಡುವಾಗ ಮೆಟ್ಟಿಲ ಮೇಲೆ ತಿರುಗಿ, “ಮಾರ್ಯಾ, ಕುಂತಾಗ ಇದು…” ಎಂದು ಮಾತು ತೆಗೆದಳು.

“ಸುರುಳಿ ಐತಕ್ಕ ಅದು, ಬಾಗತೈತಿ. ನಾಕು ದಿನ ರೂಢಿ ಆಗಲಿ.”

“ಹ್ಞೂಂ,” ಎಂದು ಹೋದಳು.

ಮಾರೇಶ ನೂರು ಪುಟದ ಒಂದು ನೋಟ್‌ಬುಕ್ ತೆರೆದ. ಆರು ವಾರ, ನಲವತ್ತೆರಡು ದಿನ, ದಿನಕ್ಕೊಂದು ಸಾಲು. ಬೆಳಿಗ್ಗೆ ಒಂಬತ್ತೂವರೆಗೆ ಮೊಪೆಡ್ಡಿನಲ್ಲಿ ಅಕ್ಕನ ಮನೆಗೆ ಹೋಗಿ ಕೇಳುತ್ತಿದ್ದ: ಎಷ್ಟಕ್ಕೆ ಕಟ್ಟಿದೆ, ಬಿಚ್ಚಿದೆಯಾ, ನೋವು ಹೇಗಿದೆ. ಅವಳು ಬೆಲ್ಟು ಕಟ್ಟಿಕೊಂಡೇ ಬಾಗಿಲಿಗೆ ಬರುತ್ತಿದ್ದಳು. “ಐದಕ್ಕ ಕಟ್ಟೀನಿ. ಬಿಚ್ಚಿಲ್ಲ. ಒಂಚೂರು ಕಮ್ಮಿ ಐತಿ.” ಅವನು ಹಾಗೇ ಬರೆಯುತ್ತಿದ್ದ. ಐದರಿಂದ ಒಂಬತ್ತೂವರೆ, ನಾಲ್ಕೂವರೆ ತಾಸು. ಮರುದಿನವೂ ನಾಲ್ಕೂವರೆ ತಾಸು.

ಇಪ್ಪತ್ತನೆಯ ದಿನ ಬಸವೇಶ್ ಫೋನು ಮಾಡಿ ಬೆಲ್ಟು ಬಾಳಿಕೆ ಹೇಗೆ ಬರುತ್ತಿದೆ ಎಂದು ಕೇಳಿದರು. ಮಾರೇಶ ಅಕ್ಕನದನ್ನು ಬಿಚ್ಚಿಸಿ ಬಿಸಿಲಿಗೆ ಹಿಡಿದು ನೋಡಿದ. ಹೊಲಿಗೆ ಬಿಟ್ಟಿರಲಿಲ್ಲ, ಬಟ್ಟೆ ಸವೆದಿರಲಿಲ್ಲ, ಒಂದು ಕಲೆ ಇರಲಿಲ್ಲ. “ಹೊಸದರಂಗ ಐತ್ರಿ,” ಎಂದ ಹೆಮ್ಮೆಯಿಂದ. ನಲವತ್ತು ಬೆಲ್ಟು ಕೊಟ್ಟೂರಿಗೆ ಹೋದವು, ಎಲ್ಲವೂ ಒಂದೇ ಉದ್ದದವು. ಹಿಟ್ಟಿನ ನಡುವೆ ದಿನಕ್ಕೆ ನಾಲ್ಕೂವರೆ ತಾಸು ಕೂರುವ ಹೆಂಗಸಿನ ಬೆಲ್ಟಿನ ಮೇಲೆ ಹಿಟ್ಟಿನ ಒಂದು ಕಣವೂ ಇಲ್ಲವಲ್ಲ ಎಂಬುದು, ಎಲ್ಲವನ್ನೂ ಅಳೆದು ಬರೆಯುವ ಆ ಮನುಷ್ಯನಿಗೆ ಹೊಳೆಯಲಿಲ್ಲ. ಈಗ ಆ ನೋಟ್‌ಬುಕ್ ತೆರೆದಾಗಲೆಲ್ಲ ಅವನ ಕಣ್ಣು ಮೊದಲು ಹೋಗುವುದು ಇಪ್ಪತ್ತನೆಯ ಸಾಲಿಗೆ.

ಮೂವತ್ತೇಳನೆಯ ದಿನ, ಆಗಸ್ಟ್ 18, ಶುಕ್ರವಾರ. ಸೋಮವಾರ ಪಂಚಮಿ. ಹಬ್ಬಕ್ಕೆ ಕೊಡಬೇಕಾದ ರವಿಕೆಗಳು ಅಂಗಡಿಯಲ್ಲಿ ಗುಡ್ಡೆ ಬಿದ್ದಿದ್ದವು. ಅಕ್ಕನ ಮನೆಗೆ ಬೇಗ ಹೋಗಿಬಂದು ಹೊಲಿಗೆಗೆ ಕೂರೋಣವೆಂದು ಎದ್ದರೆ ಮೊಪೆಡ್ ಪಂಕ್ಚರ್. ನಡೆದೇ ಹೋದ. ಆರು ಗಂಟೆ ಹತ್ತು ನಿಮಿಷಕ್ಕೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ.

ಹಂಪಕ್ಕ ಒಲೆಯ ಮುಂದೆ ಎಡ ಮೊಣಕಾಲನ್ನು ಎದೆಯತ್ತ ಎತ್ತಿ, ಬಲಗಾಲು ಮಡಚಿ ಕುಳಿತು ತಟ್ಟುತ್ತಿದ್ದಳು. ಮೈಯಲ್ಲಿ ಬೆಲ್ಟು ಇರಲಿಲ್ಲ. ಅದು ಹಿಟ್ಟಿನ ಡಬ್ಬದ ಮೇಲಿನ ಮೊಳೆಗೆ ನೇತಾಡುತ್ತಿತ್ತು.

ಮೈಲಮ್ಮ ಮೊದಲು ನೋಡಿದವಳು. “ಇವತ್ತೇನಪ್ಪ ಇನ್‌ಸ್ಪೆಕ್ಟರ್ ಸಾಹೇಬ್ರು ಗಾಡಿ ಸಪ್ಪಳಿಲ್ದಂಗ ಬಂದಾರ?” ಎಂದು ನಗಿಸಲು ನೋಡಿದಳು. ದಿನವೂ ಮೊಪೆಡ್ಡಿನ ಸಪ್ಪಳ ಓಣಿಯ ತಿರುವಿನಲ್ಲಿ ಕೇಳಿದ ಮೇಲೆ ಬೆಲ್ಟು ಮೊಳೆಯಿಂದ ಸೊಂಟಕ್ಕೆ ಬರುತ್ತಿತ್ತೆಂದು ಮಾರೇಶನಿಗೆ ಆಗ ಅರ್ಥವಾಯಿತು.

“ಯಾವಾಗಿಂದ ಅಕ್ಕ?”

“ಮೂರನೇ ದಿನದಿಂದ. ಮೊದಲ ಎರಡು ದಿನ ಕಟ್ಟಿಗಂಡೇ ತಟ್ಟಿದೆ. ಮ್ಯಾಲೆ ಪಕ್ಕಡಿಗೆ ಒತ್ತತೈತಿ, ಕೆಳಗ ತೊಡಿಗೆ ಒತ್ತತೈತಿ. ಮೈಲಿನ ಕೇಳು, ಹೆಂಗ ಬಾಸುಂಡಿ ಎದ್ದಿತ್ತು.”

“ನನಗ್ಯಾಕ ಹೇಳಲಿಲ್ಲ? ಐದು ವಾರ ಸುಳ್ಳು ಬರಸಿದಿಯಲ್ಲ.”

ಹಂಪಕ್ಕ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. ಆಮೇಲೆ ಮಾತಾಡಿದಳು.

“ಬಸವೇಶಣ್ಣನ ಮುಂದ, ಆ ಟೀಚರಮ್ಮಾರ ಮುಂದ, ಅಷ್ಟು ಗಟ್ಟಿ ಹೇಳಿಬಿಟ್ಟಿ. ನಲವತ್ತು ಬೆಲ್ಟಿಗೆ ಕೈ ಹಾಕಿದಿ. ನಿನ ಅಕ್ಕನೇ ಚುಚ್ಚತೈತಿ ಅಂದ್ರ ನಿನ ಮಾತು ಏನಾಗಬೇಕಿತ್ತು? ಹೆಂಗೂ ಕಮ್ಮಿ ಆಗತೈತಿ ಬಿಡು ಅಂದ್ಕಂಡೆ.”

ಮಾರೇಶ ಅಲ್ಲೇ ಕುಕ್ಕರಿಸಿ ಅವಳು ಕುಳಿತ ಭಂಗಿಯನ್ನು ನೋಡಿದ. ತಿಳಿಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ನೆಲಕ್ಕೆ ಕುಳಿತು ಮೊಣಕಾಲೆತ್ತಿದಾಗ ಪಕ್ಕೆಲುಬಿಗೂ ತೊಡೆಗೂ ನಡುವಿನ ಜಾಗವೇ ಕಿರಿದಾಗುತ್ತದೆ. ಅವನ ಕಡ್ಡಿ ನಾಲ್ಕೂ ಕಡೆ ಬಾಗುತ್ತಿತ್ತು, ಗಿಡ್ಡವಾಗುತ್ತಿರಲಿಲ್ಲ. ಐನೂರು ಸಲ ಬಾಗಿಸಿ ನೋಡಿದವನು ಒಂದು ಸಲ ಅಕ್ಕನನ್ನು ಕೂರಿಸಿ ನೋಡಿರಲಿಲ್ಲ.

ಮೈಲಮ್ಮನ ಕೈಗೆ ದಾರ ಕೊಟ್ಟು, ಹಂಪಕ್ಕ ಕುಳಿತ ಹಾಗೆಯೇ ಅಳೆಯಿಸಿದ. ಎಂಟೂವರೆ ಇಂಚು. ಬೆನ್ನಿನ ಕಡ್ಡಿಗಳು ಹಾಗೇ ಇರಲಿ. ಮುಂದಿನ ಎರಡು, ಪಕ್ಕದ ಎರಡು ಬದಲಾಯಿಸಿದರೆ ಸಾಕು. ನಾಲ್ಕು ತಾಸಿನ ಕೆಲಸ.

“ಇವತ್ತು ತಟ್ಟಬ್ಯಾಡಕ್ಕ,” ಎಂದ.

“ಹಬ್ಬಕ್ಕ ನಾಕ್ನೂರು ರೊಟ್ಟಿ ಒಪ್ಪಿಗಂಡೀನಿ. ನೀನು ರವಿಕಿ ಬಿಡ್ತಿಯೇನು ಹೇಳು?”

“ಭಾನುವಾರ ಮಧ್ಯಾಹ್ನ ತಂದುಕೊಡ್ತೀನಿ,” ಎಂದು ಬೆಲ್ಟನ್ನು ಮೊಳೆಯಿಂದ ತೆಗೆದುಕೊಂಡು ಅಂಗಡಿಗೆ ಹೋದ. ಶುಕ್ರವಾರ ರವಿಕೆ ಹೊಲಿದ. ಶನಿವಾರವೂ ರವಿಕೆ ಹೊಲಿದ. ಬೆಲ್ಟು ಮೇಜಿನ ಮೇಲೆ, ಕಣ್ಣ ಮುಂದೆಯೇ ಇತ್ತು.

ಭಾನುವಾರ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಫೋನು ಬಂತು. ಮೈಲಮ್ಮ. ದನಿಯಲ್ಲಿ ಕುಚೋದ್ಯವಿರಲಿಲ್ಲ. “ಮಾರೇಶ, ಲಗೂನ ಬಾ. ಹಂಪಿ ಏಳಾಕ ಹೋದ್ಲು, ಬಲಗಾಲಿನ ಪಾದ ಎತ್ತಾಕ ಬರವಲ್ದು. ಜೋತು ಬಿದ್ದೈತಿ.”

ದಾವಣಗೆರೆಗೆ ಒಯ್ದರು. ಪಂಚಮಿಯ ದಿನ ಆಪರೇಷನ್ ಆಯಿತು. ಪಾದಕ್ಕೆ ಬಲ ಮುಕ್ಕಾಲು ಪಾಲು ಮರಳಿತು, ಪೂರ್ತಿ ಮರಳಲಿಲ್ಲ. ವಾರ್ಡಿನ ಹೊರಗೆ ಮಾರೇಶ ನೋಟ್‌ಬುಕ್ ಹಿಡಿದುಕೊಂಡೇ ಡಾಕ್ಟರನ್ನು ಕೇಳಿದ: ಆರು ವಾರ ಬೆಲ್ಟು ಸರಿಯಾಗಿ ಕಟ್ಟಿದ್ದರೆ ಇದು ತಪ್ಪುತ್ತಿತ್ತೆ?

“ಹೇಳೋಕಾಗಲ್ಲ ನೋಡಿ,” ಎಂದರು ಡಾಕ್ಟರು. “ಕಟ್ಟಿದವರಿಗೂ ಹೀಗಾಗಿರೋದುಂಟು, ಕಟ್ಟದೇ ಇದ್ದವರಿಗೂ ವಾಸಿ ಆಗಿರೋದುಂಟು.”

ಹೌದು ಎಂದಿದ್ದರೂ, ಇಲ್ಲ ಎಂದಿದ್ದರೂ ಅವನು ಬರೆದುಕೊಳ್ಳುತ್ತಿದ್ದ. ಮೂವತ್ತೇಳನೆಯ ಸಾಲಿನ ಕೆಳಗೆ ಇವತ್ತಿಗೂ ಏನೂ ಬರೆದಿಲ್ಲ.

ಅಕ್ಕ ಆಸ್ಪತ್ರೆಯಿಂದ ಬಂದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ಆ ನಲವತ್ತು ಬೆಲ್ಟುಗಳನ್ನು ಹುಡುಕಿ ಹೊರಟದ್ದು. ಬಸವೇಶ್ ಯಾರ್‍ಯಾರಿಗೆ ಕೊಟ್ಟಿದ್ದರೋ ನೆನಪು ಮಾಡಿಕೊಂಡು ಹೇಳಿದರು. ಉಜ್ಜಿನಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಎಲ್ಲ ಕಡೆ ಮೊಪೆಡ್ ಓಡಿಸಿದ. ಹೋದಲ್ಲೆಲ್ಲ ಬೆಲ್ಟು ಹೊಸದರಂತೆ ಮೊಳೆಯಲ್ಲಿತ್ತು. “ಚಲೋ ಐತಪ್ಪ, ನಿಂತಾಗ ಭಾಳ ಚಲೋ ಐತಿ,” ಎನ್ನುತ್ತಿದ್ದರು ಹೆಂಗಸರು, ಅವನಿಗೆ ಬೇಸರವಾಗದಿರಲೆಂದು. ಹಂಪಸಾಗರದಲ್ಲಿ ಒಬ್ಬಾಕೆ ಅದರಿಂದ ಗಂಡನ ಬೈಕಿನ ಹಿಂದೆ ಮೇವಿನ ಹೊರೆ ಕಟ್ಟುತ್ತಿದ್ದಳು. “ಹಗ್ಗಕ್ಕಿಂತ ಗಟ್ಟಿ ಐತ್ರಿ, ಬಿಚ್ಚಾಕೂ ಸಲೀಸು,” ಎಂದು ಹೊಗಳಿದಳು. ಮೂವತ್ಮೂರು ಸಿಕ್ಕವು. ಅವನ್ನೆಲ್ಲ ಬಿಚ್ಚಿ, ಮುಂದಿನ ಕಡ್ಡಿ ಕತ್ತರಿಸಿ, ಅವರವರ ಅಳತೆಗೆ ಹೊಲಿದು ಕೊಟ್ಟ. ಏಳು ಎಲ್ಲಿ ಹೋದವೋ ಪತ್ತೆಯಾಗಲಿಲ್ಲ.

ಈಗ ಅವನ ಅಂಗಡಿಗೆ ಬೆಲ್ಟಿಗೆಂದು ಹೋದರೆ ಸುಕನ್ಯಾ ಪರದೆಯ ಹಿಂದೆ ಚಾಪೆ ಹಾಸುತ್ತಾಳೆ. “ಮನ್ಯಾಗ ರೊಟ್ಟಿ ಹೆಂಗ ತಟ್ಟತೀರಿ, ಹಂಗ ಕುಂದ್ರಿ,” ಎನ್ನುತ್ತಾಳೆ. ನಿಂತ ಅಳತೆಗೆ ಕೆಂಪು ದಾರ, ಕುಳಿತ ಅಳತೆಗೆ ಬಿಳಿ ದಾರ. ಬೆನ್ನಿಗೆ ಉದ್ದ ಕಡ್ಡಿ, ಮುಂದೆ ಗಿಡ್ಡ ಕಡ್ಡಿ. ಮಾರೇಶ ಗಿರಾಕಿಯ ಮುಂದೆ ಇಂಚಿನ ಲೆಕ್ಕ ಬಾಯಲ್ಲಿ ಹೇಳುವುದಿಲ್ಲ. ಕೇಳಿದರೆ, “ದಾರದಾಗ ಐತ್ರಿ,” ಎನ್ನುತ್ತಾನೆ.

ಹಂಪಕ್ಕನ ಮನೆಯಲ್ಲಿ ಈಗ ಸೊಂಟದೆತ್ತರಕ್ಕೆ ಕಡಪದ ಕಲ್ಲು ಕೂರಿಸಿದ್ದಾರೆ. ಅವಳು ನಿಂತೇ ಅಡುಗೆ ಮಾಡುತ್ತಾಳೆ, ಕೂತರೆ ಕುರ್ಚಿಯ ಮೇಲೆ. ನಿಂತು ರೊಟ್ಟಿ ತಟ್ಟಿ ನೋಡಿದಳು. ಕೈಗೆ ಭಾರ ಬರಲಿಲ್ಲ, ರೊಟ್ಟಿ ದಪ್ಪ ಬಂತು, ಬಿಟ್ಟಳು. ಖಾನಾವಳಿಗೆ ಹೋಗುವುದು ಈಗ ಮೈಲಮ್ಮನ ರೊಟ್ಟಿ. ಹಂಪಕ್ಕ ಪಕ್ಕದಲ್ಲಿ ನಿಂತು ಹಿಟ್ಟು ನಾದಿಕೊಡುತ್ತಾಳೆ.

ಹೋದ ತಿಂಗಳು ಅವಳಿಗೆ ಬೆನ್ನು ಮತ್ತೆ ಸೆಳೆಯತೊಡಗಿತು. ಮಾರೇಶ ಆ ಭಾನುವಾರ ಕೊಡಬೇಕಿದ್ದ ಬೆಲ್ಟನ್ನು, ಎಂಟೂವರೆ ಇಂಚಿನ ಕಡ್ಡಿ ಹಾಕಿದ್ದನ್ನು, ಕೊನೆಗೂ ತಂದ. ಅವಳು ಕಟ್ಟಿಕೊಂಡು ಒಲೆಯ ಮುಂದೆ ನಿಂತಳು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮುಂಭಾಗ ಮಡಚಿಕೊಂಡು ಮೇಲೆ ಸರಿಯಿತು. ನಿಂತ ಮೈಗೆ ಅದು ಸಾಲುತ್ತಿರಲಿಲ್ಲ.

“ಮೊದಲ ಹಾಕಿದ್ದ ಕಡ್ಡಿ ಅದಾವೇನೋ?” ಎಂದು ಕೇಳಿದಳು.

ಇದ್ದವು. ಅಂಗಡಿಯ ಡಬ್ಬದಲ್ಲಿ, ಅವಳ ದಾರದ ಜೊತೆ ಕಟ್ಟಿಟ್ಟಿದ್ದ. ಸಂಜೆ ಅವನ್ನೇ ಮತ್ತೆ ಹೊಲಿದು ತಂದ. ಹಂಪಕ್ಕ ಕಟ್ಟಿಕೊಂಡಳು, ಒಲೆಯಿಂದ ಬಾಗಿಲಿಗೆ ನಡೆದಳು, ಬಾಗಿಲಿನಿಂದ ಕುರ್ಚಿಗೆ ಬಂದಳು. ಬೆಲ್ಟು ಎಲ್ಲೂ ಒತ್ತಲಿಲ್ಲ, ಎಲ್ಲೂ ಸರಿಯಲಿಲ್ಲ.

“ಈಗ ನೋಡು, ನನಗಂತಲೇ ಮಾಡಿದಂಗ ಐತಿ,” ಎಂದಳು ಖುಷಿಯಿಂದ. “ಎಷ್ಟು ಇಟ್ಟಿದ್ಯೋ ಅವತ್ತು ಇದರ ಉದ್ದ?”

ನೆಲದ ಮೇಲೆ ಎಡ ಮೊಣಕಾಲೆತ್ತಿ ಕುಳಿತಿದ್ದ ಮೈಲಮ್ಮನ ತಟ್ಟುವ ಕೈ ನಿಂತಿತು. ಮಾರೇಶ ಬೆಲ್ಟಿನ ಅಂಚಿನಲ್ಲಿ ಉಳಿದಿದ್ದ ದಾರದ ತುದಿಯನ್ನು ಕತ್ತರಿಸುತ್ತ ಬಗ್ಗಿದವನು ತಲೆ ಎತ್ತಲಿಲ್ಲ. ಹಂಪಕ್ಕ ಬೆಲ್ಟಿನ ಮೇಲೆ ಗೇಣು ಹಾಕಿ ನೋಡಿದಳು. ಆಮೇಲೆ ನೆನಪಾಗಿ, ಆ ದಿನ ಅಂಗಡಿಯಲ್ಲಿ ಎಲ್ಲರ ಮುಂದೆ ತಮ್ಮ ಹೇಳಿದ್ದ ಅದೇ ಗಟ್ಟಿ ದನಿಯಲ್ಲಿ, ತಾನೇ ಹೇಳಿದಳು.

“ಹನ್ನೊಂದು ಇಂಚು.”